ಜಂತೆಗಳ ನಡುವೆ

ನನ್ನ ಹತ್ತಿರ ಈಗ ಎರಡು ಡ್ರಿಲ್ ಇವೆ. ಮೂರನೆಯದನ್ನು ಬಾಡಿಗೆಗೆ ತಂದು ವಾಪಸು ಕೊಟ್ಟಿದ್ದೇನೆ. ಅದರ ನೆನಪಿಗೆ ಬಲಗೈ ಮಣಿಕಟ್ಟಿನಲ್ಲಿ ಒಂದು ಸಣ್ಣ ನೋವು ಉಳಿದಿದೆ, ಚಳಿ ಬಿದ್ದಾಗಲೆಲ್ಲ ಬಂದು ಮಾತಾಡಿಸಿ ಹೋಗುತ್ತದೆ. "ಒಂದು ಲೈಟಿಗೆ ಮೂರು ಡ್ರಿಲ್ಲು" ಅಂತ ನನ್ನ ಹೆಂಡತಿ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಕಥೆ ಶುರುವಾಗೋದು ಎರಡು ಮೆಟ್ಟಿಲಿಂದ.

ನ್ಯೂಜೆರ್ಸಿಯಲ್ಲಿ ನಾವು ಕೊಂಡ ಮನೆ 1956ರಲ್ಲಿ ಕಟ್ಟಿದ್ದು. ಆಮೇಲೆ ಯಾವಾಗಲೋ ಯಾರೋ ಮಾಲೀಕರು ಹಿತ್ತಲ ಕಡೆ ಒಂದು ರೂಮು ಸೇರಿಸಿದ್ದಾರೆ. ಆ ರೂಮಿನ ನೆಲ ಉಳಿದ ಮನೆಗಿಂತ ಎರಡು ಮೆಟ್ಟಿಲು ಕೆಳಗೆ. ಅಮ್ಮ ಆರು ತಿಂಗಳಿಗೆ ಅಂತ ಬಂದಾಗ ಅವಳಿಗೆ ಅದೇ ರೂಮು ಕೊಟ್ಟೆವು. ದೊಡ್ಡ ಕಿಟಕಿ, ಬೆಳಗಿನ ಬಿಸಿಲು, ಹೊರಗೆ ಓಡಾಡುವ ಅಳಿಲುಗಳು, ಎಲ್ಲ ಚೆನ್ನಾಗಿತ್ತು. ಬಾತ್‌ರೂಮು ಮಾತ್ರ ಮೆಟ್ಟಿಲು ಹತ್ತಿ ಕಾರಿಡಾರಿನ ಆ ತುದಿಗೆ. ಕಾರಿಡಾರಿನ ಲೈಟಿನ ಸ್ವಿಚ್ಚೂ ಆ ತುದಿಗೇ. ಅಂದರೆ ಲೈಟು ಹಾಕಬೇಕು ಅಂದರೆ ಮೊದಲು ಕತ್ತಲಲ್ಲಿ ಮೆಟ್ಟಿಲು ಹತ್ತಿ ಕಾರಿಡಾರು ದಾಟಬೇಕು. ದಾಟಿ ಆದ ಮೇಲೆ ಲೈಟು ಯಾತಕ್ಕೆ? ಆ ಮನೆಯಲ್ಲಿ ನಾಲ್ಕು ವರ್ಷ ಇದ್ದೆ, ಒಂದು ದಿನವೂ ನನಗೆ ಇದು ಹೊಳೆದಿರಲಿಲ್ಲ.

ಅಮ್ಮ ಬಂದ ಹನ್ನೆರಡನೇ ರಾತ್ರಿ ಎರಡೂವರೆಗೆ ದಪ್ ಅಂತ ಸದ್ದಾಯಿತು. ಓಡಿ ಹೋಗಿ ನೋಡಿದರೆ ಮೆಟ್ಟಿಲ ಮೇಲೆ ಕೂತಿದ್ದಾಳೆ. ಹಣೆಯಿಂದ ರಕ್ತ ಇಳಿದು ಸೆರಗಿಗೆ ಬರ್ತಾ ಇದೆ. ಅವಳು ಕೇಳಿದ ಮೊದಲ ಮಾತು, "ಪಾಪು ಎದ್ದುಬಿಡ್ತಾ?" ಮೂರು ಹೊಲಿಗೆ ಬಿತ್ತು. ಮಂಡಿ ಎರಡು ವಾರ ಊದಿಕೊಂಡಿತ್ತು. ಮೂಳೆಗೆ ಏನೂ ಆಗಿರಲಿಲ್ಲ, ಅಷ್ಟು ಪುಣ್ಯ. ಬೆಂಗಳೂರಿಂದ ಅಕ್ಕ ಫೋನ್ ಮಾಡಿ, "ಹುಷಾರಾಗಿ ನೋಡ್ಕೋತೀನಿ ಅಂತ ಕರ್ಕೊಂಡು ಹೋದ್ಯಲ್ಲೋ" ಅಂದಳು. ಅಷ್ಟೇ ಅಂದಿದ್ದು. ಅಕ್ಕಂದಿರಿಗೆ ಯಾವ ವಾಕ್ಯ ಎಲ್ಲಿ ನಿಲ್ಲಿಸಬೇಕು ಅನ್ನೋದು ಗೊತ್ತಿರುತ್ತದೆ.

ಅದಕ್ಕಿಂತ ಕಷ್ಟ ಆಗಿದ್ದು ಆಮೇಲೆ. ಅಮ್ಮ ಸಂಜೆ ಆರರ ನಂತರ ನೀರು ಕುಡಿಯೋದು ಬಿಟ್ಟಳು. ನಮಗೆ ಹೇಳಲಿಲ್ಲ. ಊಟದ ಹೊತ್ತಿಗೆ ಅವಳ ಲೋಟ ಹಾಗೇ ತುಂಬಿರೋದನ್ನು ನನ್ನ ಹೆಂಡತಿ ಗಮನಿಸಿದಳು. ರಾತ್ರಿ ಏಳೋದೇ ಬೇಡ ಅಂತ ಅಮ್ಮ ತನ್ನಷ್ಟಕ್ಕೆ ಮಾಡಿಕೊಂಡಿದ್ದ ವ್ಯವಸ್ಥೆ ಅದು. ಟಿಕೆಟ್ ಹಿಂದಕ್ಕೆ ಹಾಕಿಸೋಕಾಗತ್ತಾ ಅಂತಲೂ ಒಂದು ಸಲ ಕೇಳಿದಳು, ಹವಾಮಾನ ಕೇಳಿದ ಹಾಗೆ.

ಅಂಗಡಿಯಿಂದ ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ರಾತ್ರಿ ದೀಪ ತಂದೆವು. ಕಾರಿಡಾರಿನಲ್ಲಿ ಇದ್ದ ಒಂದೇ ಪ್ಲಗ್ ಪಾಯಿಂಟು ಮತ್ತೆ ಆ ಕಡೆ ತುದಿಗೇ! ಅದರ ಬೆಳಕು ಮೆಟ್ಟಿಲಿನ ತನಕ ಬರ್ತಿರಲಿಲ್ಲ. ಬೇಕಾಗಿದ್ದದ್ದು ಅಮ್ಮನ ಬಾಗಿಲ ಪಕ್ಕದಲ್ಲಿ ಇನ್ನೊಂದು ಸ್ವಿಚ್ಚು, ಎರಡು ಕಡೆಯಿಂದಲೂ ಹಾಕಿ ಆರಿಸುವ ಹಾಗೆ. ನಮ್ಮೂರಲ್ಲಿ ಇದಕ್ಕೆ ಟೂ-ವೇ ಅಂತೀವಿ, ಇಲ್ಲಿ ಅದನ್ನೇ ತ್ರೀ-ವೇ ಅಂತಾರೆ. ಪಿಯುಸಿ ಫಿಸಿಕ್ಸ್ ಓದಿದ ಯಾರಿಗಾದರೂ ಸರ್ಕ್ಯೂಟು ಗೊತ್ತು. ಎಲೆಕ್ಟ್ರಿಷಿಯನ್ ಬಂದು ನೋಡಿ 900 ಡಾಲರ್ ಅಂದ, ಅದೂ ಐದು ವಾರದ ನಂತರ. ನಮ್ಮ ಊರಿನಲ್ಲಿ ಪರ್ಮಿಟ್ ತಗೊಂಡರೆ ಸ್ವಂತ ಮನೆಯ ವೈರಿಂಗ್ ಮನೆಯವರೇ ಮಾಡಬಹುದು, ಇನ್‌ಸ್ಪೆಕ್ಟರ್ ಬಂದು ನೋಡಿ ಒಪ್ಪಬೇಕು. ನಾನೇ ಮಾಡ್ತೀನಿ ಅಂದೆ. "ಇದು ಅತ್ತೆಗೋಸ್ಕರಾನಾ, ನಿನಗೋಸ್ಕರಾನಾ?" ಅಂತ ಹೆಂಡತಿ ಕೇಳಿದಳು. ಆ ಪ್ರಶ್ನೆಗೆ ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ.

ವೈರು ಹೋಗಬೇಕಾದ ದಾರಿ ಇಷ್ಟು: ಹಳೇ ಸ್ವಿಚ್ಚಿನ ಡಬ್ಬದಿಂದ ಗೋಡೆಯೊಳಗೆ ಕೆಳಗಿಳಿದು ಬೇಸ್‌ಮೆಂಟಿಗೆ, ಅಲ್ಲಿ ಕಾರಿಡಾರಿನ ಅಡಿಯಲ್ಲೇ ಸುಮಾರು 15 ಅಡಿ ಅಡ್ಡ ಹೋಗಿ, ಮತ್ತೆ ಗೋಡೆಯೊಳಗೆ ಮೇಲಕ್ಕೆ. ಬೇಸ್‌ಮೆಂಟಿಗೆ ಇಳಿದು ತಲೆ ಎತ್ತಿದರೆ ನನಗೆ ತೀರ್ಥಹಳ್ಳಿಯ ಮನೆಯ ಮುಚ್ಚಿಗೆಯೇ ಕಾಣುತ್ತದೆ. ಅದೇ ಸಾಲು ಸಾಲು ಜಂತೆ. ಅಮೆರಿಕದವರು ಜಾಯ್ಸ್ಟ್ ಅನ್ನೋದು ಇದಕ್ಕೇ. ನಿದ್ದೆ ಬಾರದವರು ಜಂತೆ ಎಣಿಸುತ್ತಾರೆ ಅಂತ ನಮ್ಮ ಕಡೆ ಮಾತಿದೆಯಲ್ಲ, ಆ ವಾರ ನಾನು ನಿಜಕ್ಕೂ ಎಣಿಸಿದೆ. ವೈರಿನ ದಾರಿಗೆ ಅಡ್ಡವಾಗಿ ಹನ್ನೊಂದು. ಹನ್ನೊಂದಕ್ಕೂ ತೂತು ಕೊರೀಬೇಕು.

ಇಲ್ಲಿಯ ಮರದ ಲೆಕ್ಕ ಸ್ವಲ್ಪ ತಮಾಷೆಯದು. ಈ ಜಂತೆಗೆ ಟೂ ಬೈ ಟೆನ್ ಅಂತ ಹೆಸರು. ಅಳೆದರೆ 2 ಇಂಚೂ ಇಲ್ಲ, 10 ಇಂಚೂ ಇಲ್ಲ. ಈಗ ಅಂಗಡಿಯಲ್ಲಿ ಸಿಗೋದು 1½ ಇಂಚು ದಪ್ಪ, 9¼ ಇಂಚು ಎತ್ತರ. 1960ರ ದಶಕಕ್ಕೆ ಮುಂಚಿನ ನಮ್ಮಂಥ ಮನೆಗಳಲ್ಲಿ ಚೂರು ಹೆಚ್ಚು, 1⅝ ಮತ್ತು 9½. ಒಂದು ಜಂತೆಯ ನಡುವಿಂದ ಮುಂದಿನದರ ನಡುವಿಗೆ 16 ಇಂಚು. ದಪ್ಪ ಕಳೆದರೆ ಎರಡರ ನಡುವೆ ಉಳಿಯೋದು 14 ಇಂಚು ಚಿಲ್ಲರೆ.

ಆ 14 ಇಂಚಿನೊಳಗೆ ಡ್ರಿಲ್ಲೂ ಹೋಗಬೇಕು, ಬಿಟ್ಟೂ ಹೋಗಬೇಕು. ನನ್ನ ಹತ್ತಿರ ಇದ್ದದ್ದು ಉದ್ದ ಮೂತಿಯ ಹ್ಯಾಮರ್ ಡ್ರಿಲ್ಲು. ಬೆಂಗಳೂರಿನವನ ತಲೆಯಲ್ಲಿ ಡ್ರಿಲ್ ಅಂದರೆ ಅದೇ. ಕಾಂಕ್ರೀಟಿಗೋ ಇಟ್ಟಿಗೆಗೋ ಢರ್ರ್ ಅಂತ ಹೊಡೆದು, ಪಕ್ಕದ ಮನೆಯವರು ಬಂದು ಬೈದು, ರಾವಲ್ ಪ್ಲಗ್ ತುರುಕಿ, ಮೊಳೆ ತಿರುಗಿಸೋದು. ಈ ದೇಶದಲ್ಲಿ ಮನೆಯೆಲ್ಲ ಮರ, ಅದರ ಒಳಗೆ ಪೊಳ್ಳು. ಇಲ್ಲಿಗೆ ಬಂದ ಹೊಸದರಲ್ಲಿ ಇದು ಗೊತ್ತಿಲ್ಲದೆ ಕೊಂಡ ಯಂತ್ರ ಅದು. ಮೈ 10 ಇಂಚು, ಮುಂದೆ ಚಾಚುವ ಬಿಟ್ಟು 5 ಇಂಚು, ಒಟ್ಟು 15. ಎರಡು ಜಂತೆಯ ನಡುವೆ ನೇರ ಹಿಡಿಯೋಕೆ ಆಗೋದೇ ಇಲ್ಲ. ಓರೆ ಹಿಡಿದರೆ ತೂತೂ ಓರೆ ಬರುತ್ತೆ. ಒಂದು ಓರೆ ತೂತಿನಲ್ಲಿ ಏನೂ ಆಗಲ್ಲ, ಹನ್ನೊಂದು ಓರೆ ತೂತುಗಳಲ್ಲಿ ವೈರು ಎಳೆದರೆ ಪ್ರತಿ ಅಂಚಿಗೂ ಉಜ್ಜಿ ಮೇಲಿನ ಸಿಪ್ಪೆ ಕಿತ್ತು ಬರುತ್ತದೆ.

ತೂತೇ ಬೇಡ, ಜಂತೆಗಳ ಕೆಳ ಅಂಚಿಗೆ ವೈರನ್ನು ನೇರ ಕ್ಲಿಪ್ ಹೊಡೆದರೆ ಆಗಲ್ವಾ? ಆಗಲ್ಲ. ಇಲ್ಲಿಯ ಎಲೆಕ್ಟ್ರಿಕಲ್ ಕೋಡಿನ ಪ್ರಕಾರ ತೆರೆದ ಬೇಸ್‌ಮೆಂಟಿನಲ್ಲಿ ಇಷ್ಟು ಸಣ್ಣ ಕೇಬಲ್ ಜಂತೆಗೆ ಅಡ್ಡ ಹೋಗೋದಾದರೆ ತೂತಿನ ಮೂಲಕ ಹೋಗಬೇಕು, ಇಲ್ಲವೇ ಕೆಳಗೆ ಉದ್ದಕ್ಕೂ ಮರದ ಪಟ್ಟಿ ಹೊಡೆದು ಅದರ ಮೇಲೆ ಹೋಗಬೇಕು. ಪಟ್ಟಿಯ ಮಾತು ಕೇಳಿದಾಗ ನಗು ಬಂತು. ನಮ್ಮ ಹಳೇ ಮನೆಗಳ ವೈರಿಂಗ್ ಇದ್ದದ್ದೇ ಹಾಗಲ್ಲವಾ, ಮರದ ಪಟ್ಟಿ, ಅದರ ಮೇಲೆ ಕ್ಲಿಪ್ಪು, ಕೊನೆಗೆ ಕಪ್ಪು ಬೇಕಲೈಟ್ ಸ್ವಿಚ್ಚು. ಆದರೆ ನಮ್ಮ ಬೇಸ್‌ಮೆಂಟಿನ ಸೂರು ಮೊದಲೇ ತಗ್ಗು, ಪಟ್ಟಿ ಹೊಡೆದರೆ ನನ್ನ ಹಣೆಗೂ ಮೂರು ಹೊಲಿಗೆ ಗ್ಯಾರಂಟಿ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ರೈಟ್ ಆಂಗಲ್ ಡ್ರಿಲ್ಲಿನ ಅಧ್ಯಯನ. ಮಾಮೂಲಿ ಡ್ರಿಲ್ಲಿನಲ್ಲಿ ಮೋಟಾರು, ಗೇರು, ಬಿಟ್ಟು ಒಂದೇ ಗೆರೆಯಲ್ಲಿ ಇರುತ್ತವೆ. ಇದರಲ್ಲಿ ಕತ್ತು 90 ಡಿಗ್ರಿ ಬಗ್ಗಿದೆ. ಉದ್ದನೆಯ ಮೈ ಜಂತೆಗಳ ನಡುವಿಂದ ಕೆಳಗೆ ಇಳಿಬಿದ್ದಿರುತ್ತೆ, ಸಂದಿಯೊಳಗೆ ಹೋಗೋದು ತಲೆ ಮಾತ್ರ. ಮೀಟಿಂಗ್‌ಗಳಲ್ಲಿ ಕ್ಯಾಮೆರಾ ಆಫ್ ಮಾಡಿ ಇದರ ವಿಡಿಯೋ ನೋಡಿದ್ದೇನೆ. ಕೊರೆತ ಅನ್ನೋ ಪದಕ್ಕೆ ಕನ್ನಡದಲ್ಲಿ ಇರುವ ಇನ್ನೊಂದು ಅರ್ಥ ನನ್ನ ಹೆಂಡತಿಗೆ ಆ ಎರಡು ವಾರದಲ್ಲಿ ಪೂರ್ತಿ ಅರ್ಥವಾಯಿತು.

ಆಯ್ಕೆಗಳು ಇದ್ದವು. ಇರೋ ಡ್ರಿಲ್ಲಿನ ಮೂತಿಗೇ ಸಿಕ್ಕಿಸುವ ಬಾಗಿದ ಕತ್ತು ಸಿಗುತ್ತದೆ, ಇಪ್ಪತ್ತು ಮೂವತ್ತು ಡಾಲರಿಗೆ. ಸ್ಕ್ರೂ ತಿರುಗಿಸೋಕೆ ಅದು ಚೆನ್ನ. ಮುಕ್ಕಾಲು ಇಂಚಿನ ತೂತನ್ನು ಹಳೇ ಗಟ್ಟಿ ಮರದಲ್ಲಿ ಹನ್ನೊಂದು ಸಲ ಕೊರೆಯೋಕೆ ಅದರ ಪುಟ್ಟ ಗೇರುಗಳ ಮೇಲೆ ನನಗೆ ನಂಬಿಕೆ ಬರಲಿಲ್ಲ. ಇನ್ನು 12 ವೋಲ್ಟು, 18 ವೋಲ್ಟಿನ ಬ್ಯಾಟರಿ ಡ್ರಿಲ್ಲುಗಳು, ತಲೆ ಚಿಕ್ಕದು, 3/8 ಇಂಚಿನ ಚಕ್, ಆಟಿಕೆಯ ಹಾಗೆ ಕಾಣುತ್ತವೆ. ಕೊನೆಗೆ ಪ್ಲಂಬರ್‌ಗಳ ದೈತ್ಯ ಯಂತ್ರಗಳು, ಅರ್ಧ ಇಂಚಿನ ಚಕ್, ಎರಡು ಗೇರು, ಎರಡೂವರೆ ಇಂಚಿನ ಪೈಪಿಗೆ ತೂತು ಹೊಡೆದರೂ ಉಸಿರು ಕಟ್ಟದಂಥವು.

ಸಾಫ್ಟ್‌ವೇರಿನವರಲ್ಲಿ ಕೆಲವರಿಗಾದರೂ ನೆನಪಿರಬಹುದು, ನೀಲ್ ಸ್ಟೀಫನ್‌ಸನ್ 1999ರಲ್ಲಿ ಬರೆದ 'ಇನ್ ದ ಬಿಗಿನಿಂಗ್ ವಾಸ್ ದ ಕಮ್ಯಾಂಡ್ ಲೈನ್' ಅನ್ನೋ ಪುಸ್ತಕ. ಅದರಲ್ಲಿ ಯುನಿಕ್ಸನ್ನು ಮಿಲ್ವಾಕೀ ಕಂಪನಿಯ ಹೋಲ್ ಹಾಗ್ ಡ್ರಿಲ್ಲಿಗೆ ಹೋಲಿಸುತ್ತಾರೆ. ಹೇಳಿದ್ದನ್ನು ಮಾಡುತ್ತೆ, ನೀವು ಹೇಳಿದ್ದು ಸರಿಯಾ ಅಂತ ವಾಪಸು ಕೇಳಲ್ಲ. ಕಾಲೇಜಿನಲ್ಲಿ ಓದಿದ್ದೆ. ಜೀವನದಲ್ಲಿ ಒಂದು ಸಲ ಆ ಜಾತಿಯ ಡ್ರಿಲ್ ಹಿಡಿಯಬೇಕು ಅನ್ನೋ ಆಸೆ ಅಲ್ಲಿಂದ ಉಳಿದಿತ್ತು. ಅದರ ಅಪಾಯದ ಬಗ್ಗೆಯೂ ಅವರು ಸಾಕಷ್ಟು ಬರೆದಿದ್ದಾರೆ. ನನ್ನ ತಲೆಯಲ್ಲಿ ಹೊಗಳಿಕೆ ಮಾತ್ರ ನಿಂತಿತ್ತು.

ಶನಿವಾರ ಬೆಳಿಗ್ಗೆ ಬಾಡಿಗೆ ಅಂಗಡಿಗೆ ಹೋಗಿ ಅದೇ ಜಾತಿಯ, ಬೇರೆ ಕಂಪನಿಯ ಒಂದು ದೈತ್ಯನನ್ನು ತಂದೆ. ಅಂಗಡಿಯವನು ಪಕ್ಕಕ್ಕೆ ಸಿಕ್ಕಿಸುವ ಇನ್ನೊಂದು ಹಿಡಿ ಕೊಟ್ಟು, "ಇದಿಲ್ಲದೆ ಓಡಿಸಬೇಡ" ಅಂದ. ಅವನದ್ದು ತಪ್ಪಿಲ್ಲ, ಯಂತ್ರದ್ದೂ ತಪ್ಪಿಲ್ಲ. ಮೊದಲ ನಾಲ್ಕು ಜಂತೆ ಬೆಣ್ಣೆಯ ಹಾಗೆ ಹೋದವು. ತುದಿಯಲ್ಲಿ ಸ್ಕ್ರೂ ಇರುವ ಆಗರ್ ಬಿಟ್ಟು ತನ್ನನ್ನು ತಾನೇ ಮರದೊಳಗೆ ಎಳೆದುಕೊಂಡು ಹೋಗುತ್ತೆ, ನಾವು ಒತ್ತಬೇಕಾಗಿಲ್ಲ. ತಾಜಾ ಮರದ ಪುಡಿಯ ಪರಿಮಳ, ಅರವತ್ತು ಚಿಲ್ಲರೆ ವರ್ಷದ ಮರದಿಂದ. ನಾನು ತುಂಬ ಖುಷಿಯಲ್ಲಿದ್ದೆ ಅನ್ನೋದನ್ನು ಒಪ್ಪಿಕೊಳ್ಳಬೇಕು.

ಐದನೇ ಸಂದಿಯಲ್ಲಿ ಗಾಳಿಯ ತಗಡಿನ ಡಕ್ಟು ಹಾದುಹೋಗಿದೆ. ಅಲ್ಲಿ ಉಳಿದದ್ದು 8½ ಇಂಚು. ದೈತ್ಯನ ತಲೆ ಹೇಗೋ ಹೋಯಿತು, ಆ ಪಕ್ಕದ ಹಿಡಿ ಮಾತ್ರ ಡಕ್ಟಿಗೆ ತಾಗುತ್ತಿತ್ತು. ಬಿಚ್ಚಿಟ್ಟೆ. ಒಂದು ಕೈ ಡ್ರಿಲ್ಲಿಗೆ, ಒಂದು ಕೈ ಏಣಿಗೆ. ಮರದೊಳಗೆ ಯಾರೋ 1956ರಲ್ಲಿ ಹೊಡೆದು ಮರೆತ ಒಂದು ಮೊಳೆ ಇತ್ತು.

ಬಿಟ್ಟು ಮೊಳೆಗೆ ಕಚ್ಚಿ ನಿಂತಿತು. ಬಿಟ್ಟು ನಿಂತರೆ ಮೋಟಾರು ನಿಲ್ಲೋದಿಲ್ಲವಲ್ಲ. ತಿರುಗುವ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಬಿಟ್ಟು ತಿರುಗದಿದ್ದರೆ ಡ್ರಿಲ್ಲಿನ ಮೈ ಉಲ್ಟಾ ದಿಕ್ಕಿಗೆ ತಿರುಗುತ್ತೆ, ಅದನ್ನು ಹಿಡಿದ ಕೈಯೂ ಜೊತೆಗೆ. ಕಡಿಮೆ ಗೇರಿನಲ್ಲಿ ಇಂಥ ಯಂತ್ರ ನಿಮಿಷಕ್ಕೆ 300 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತೆ. ಕೇಳೋಕೆ ನಿಧಾನ, ಆದರೆ ಸೆಕೆಂಡಿಗೆ ಐದು ಸುತ್ತು. ಬೆರಳು ಸ್ವಿಚ್ ಬಿಡಬೇಕು ಅಂತ ತಲೆಗೆ ಹೊಳೆಯೋದರೊಳಗೆ ಮಣಿಕಟ್ಟು ತಿರುಚಿ, ಗೆಣ್ಣುಗಳು ಹೋಗಿ ಅಡ್ಡ ಹಾದಿದ್ದ ಎರಕದ ಕಬ್ಬಿಣದ ಪೈಪಿಗೆ ಬಡಿದಿದ್ದವು. ಏಣಿಯಿಂದ ಬೀಳಲಿಲ್ಲ. ಎಡಗೈ ಏಣಿಯನ್ನು ಹಿಡಿದಿತ್ತು, ಡ್ರಿಲ್ಲನ್ನು ಹಿಡಿದಿರಬೇಕಾಗಿದ್ದ ಕೈ ಅದು.

ಮುರಿದಿಲ್ಲ, ಉಳುಕಿದೆ ಅಂದರು ಡಾಕ್ಟರು. ಮೂರು ವಾರ ಪಟ್ಟಿ. ನಾನು ಊಟದ ಟೇಬಲ್ಲಿಗೆ ಬಂದಾಗ ಅಮ್ಮ ಅನ್ನ ಕಲಸಿ ತುತ್ತು ಮಾಡಿ ತಟ್ಟೆಯ ಅಂಚಿಗೆ ಇಟ್ಟಿದ್ದಳು, ನನಗೆ ಎಡಗೈಯಲ್ಲಿ ಎತ್ತಿಕೊಳ್ಳೋಕೆ. ನಲವತ್ತು ಹತ್ತಿರವಾದ ಮಗನಿಗೆ. "ನನ್ನ ಕಾಲು ಜಾರಿದ್ದಕ್ಕೆ ನೀನು ಕೈ ಮುರ್ಕೊಂಡ್ರೆ ಸರಿ ಹೋಗ್ತದ ಮಾರಾಯ?" ಅಂದಳು. ಕೋಪದಲ್ಲಿ ಹೇಳಿದ್ದಲ್ಲ, ನಿಜಕ್ಕೂ ಕೇಳಿದ್ದು. ನಾನು ತುತ್ತು ನುಂಗ್ತಾ ಕೂತೆ. ಹೆಂಡತಿ ಕೇಳಿದ್ದ ಪ್ರಶ್ನೆಗೆ ಅವತ್ತು ಉತ್ತರ ಸಿಕ್ಕಿತ್ತು, ಆದರೆ ಜೋರಾಗಿ ಹೇಳುವಂಥದ್ದಾಗಿರಲಿಲ್ಲ.

ಆ ಮೂರು ವಾರ ಬರೀ ಅಳತೆ ತಗೊಂಡೆ. ಮೊದಲೇ ಮಾಡಬೇಕಾಗಿದ್ದ ಕೆಲಸ. ಹನ್ನೊಂದು ಜಂತೆಗಳಲ್ಲಿ ಎಂಟಕ್ಕೆ ಪೂರ್ತಿ ಜಾಗ ಇತ್ತು. ನನ್ನ ಉದ್ದ ಮೂತಿಯ ಡ್ರಿಲ್ ಬಿಟ್ಟು ಈಗಿನ ಯಾವುದೇ ಗಿಡ್ಡ ಬ್ಯಾಟರಿ ಡ್ರಿಲ್ ತಂದಿದ್ದರೂ ಅಲ್ಲಿ ನಡೀತಿತ್ತು. ಕಷ್ಟ ಇದ್ದದ್ದು ಮೂರರಲ್ಲಿ, ಡಕ್ಟು, ನೀರಿನ ಪೈಪು, ಮತ್ತೆ ಒಂದು ಕಡೆ ಜೋಡಿ ಜಂತೆ. ಅವುಗಳಲ್ಲಿ ಅತಿ ಕಡಿಮೆ ಜಾಗ ಅದೇ 8½ ಇಂಚು. ಡ್ರಿಲ್ ಆರಿಸುವಾಗ ನೋಡಬೇಕಾದ ಅಂಕಿ ಅದೊಂದೇ. ನಾನೋ ವೋಲ್ಟು, ಗೇರು, ಶಕ್ತಿ ಅಂತ ಎಲ್ಲ ನೋಡಿದ್ದೆ, ಅದನ್ನು ಬಿಟ್ಟು.

ಒಂದು ರಟ್ಟಿನ ಡಬ್ಬವನ್ನು ಒಳಗಿನ ಅಗಲ ಸರಿಯಾಗಿ 8½ ಇಂಚು ಬರೋ ಹಾಗೆ ಕತ್ತರಿಸಿ ಟೇಪ್ ಹಚ್ಚಿದೆ. ಅದನ್ನು ಹಿಡಿದುಕೊಂಡು ಅಂಗಡಿಗೆ ಹೋದೆ. ಡಬ್ಬದೊಳಗೆ ಒಂದೊಂದೇ ಡ್ರಿಲ್ಲಿನ ತಲೆ ತೂರಿಸಿ ನೋಡುತ್ತಿದ್ದ ನನ್ನನ್ನು ಅಲ್ಲಿಯ ಕೆಲಸದ ಹುಡುಗ ಸ್ವಲ್ಪ ಹೊತ್ತು ದೂರದಿಂದ ನೋಡಿದ, ಆಮೇಲೆ ತಾನೇ ಬಂದು ಒಂದೊಂದು ಎತ್ತಿ ಕೊಟ್ಟ. ನಿಮಗೂ ಇದನ್ನೇ ಹೇಳ್ತೀನಿ: ಪ್ಯಾಕೆಟ್ಟಿನ ಮೇಲೆ ಬರೆದ ತಲೆಯ ಅಳತೆ ಬರೀ ತಲೆಯದ್ದು. ಚಕ್ಕಿನ ಹೊರಗೆ ಚಾಚಿದ ಬಿಟ್ಟಿನ ಉದ್ದ ಅದಕ್ಕೆ ಸೇರಿಸಿ. ಮರಕ್ಕೆ ತುದಿ ಇಡೋಕೆ, ತಲೆಯ ಹಿಂದೆ ಅಂಗೈ ಒತ್ತೋಕೆ ಇನ್ನೊಂದು ಇಂಚು ಸೇರಿಸಿ. ನನಗೆ ಹೊಂದಿದ್ದರ ತಲೆ ಸುಮಾರು 4 ಇಂಚು. ಮಾಮೂಲಿ ಚಪ್ಪಟೆ ಸ್ಪೇಡ್ ಬಿಟ್ಟು 6 ಇಂಚು ಉದ್ದ ಇರುತ್ತೆ, ಅದರ ಬಾಲವನ್ನು ಹ್ಯಾಕ್‌ಸಾದಲ್ಲಿ ಕುಯ್ದು ಗಿಡ್ಡ ಮಾಡಿಕೊಂಡೆ. ಹೊರಗೆ ಉಳಿದದ್ದು 3 ಇಂಚು. ಒಟ್ಟು 7, ಅಂಗೈಗೆ ಒಂದೂವರೆ.

ಇನ್ನೂ ಎರಡು ವಿಷಯ. ಒಂದು, ಸ್ವಿಚ್ಚು ಎಲ್ಲಿದೆ ಅನ್ನೋದು. ಕೆಲವದರಲ್ಲಿ ಒಂದೇ ಬೆರಳಿನ ಕುದುರೆ ಇದೆ, ಕೆಲವದರಲ್ಲಿ ಮೈಯುದ್ದಕ್ಕೂ ಪಟ್ಟಿಯಂಥ ಸ್ವಿಚ್ಚು. ಕೈ ಹೇಗೆ ತಿರುಗಿದ್ದರೂ ಬಿಡೋಕೆ ಆಗಬೇಕು, ಅದನ್ನು ಡಬ್ಬದೊಳಗೆ ಕೈ ಹಾಕಿಯೇ ನೋಡಬೇಕು. ಎರಡು, ಬಿಟ್ಟು ಸಿಕ್ಕಿಕೊಂಡರೆ ಯಾರು ಗೆಲ್ಲಬೇಕು ಅನ್ನೋದು. ನಾನು ಕೊಂಡ 12 ವೋಲ್ಟಿನ ಆಟಿಕೆ ಬಿಟ್ಟು ಸಿಕ್ಕಿದರೆ ಮುಲುಗಿ ನಿಂತುಬಿಡುತ್ತೆ. ಉದ್ದ ಮೈ ಹಿಡಿದ ನನ್ನ ಕೈಯೇ ಅದಕ್ಕಿಂತ ಗಟ್ಟಿ. ವಿಡಿಯೋಗಳಲ್ಲಿ ಇದನ್ನು ಅದರ ದೋಷ ಅಂತ ಹೇಳ್ತಾರೆ. ದಿನವೂ ಇದೇ ಕೆಲಸ ಮಾಡುವವರಿಗೆ ದೋಷವೇ ಸರಿ, ಅವರಿಗೆ ದೈತ್ಯನನ್ನು ಪಳಗಿಸೋದು ಗೊತ್ತು, ಅದರ ಮೈಯನ್ನು ತಿರುಗುವ ದಿಕ್ಕಿನಲ್ಲೇ ಏನಕ್ಕಾದರೂ ಆನಿಸಿಟ್ಟು ಓಡಿಸುತ್ತಾರೆ. ನನಗೆ ಜೀವಮಾನದಲ್ಲಿ ಬೇಕಾಗಿದ್ದು ಏಳು ತೂತು.

ಪಟ್ಟಿ ಬಿಚ್ಚಿದ ಮೇಲಿನ ಭಾನುವಾರ ಅಮ್ಮ ತಾನೂ ಬೇಸ್‌ಮೆಂಟಿಗೆ ಬರ್ತೀನಿ ಅಂದಳು. ಹಗಲು, ಲೈಟು ಹಾಕಿ, ಕೈ ಹಿಡಿದು ಇಳಿಸಿದೆ. ಕುರ್ಚಿ ಹಾಕಿ ಕೂರಿಸಿ ಕೈಗೆ ಟಾರ್ಚ್ ಕೊಟ್ಟೆ. ತಲೆ ಎತ್ತಿ ಎಲ್ಲ ನೋಡಿದಳು.

"ಇದು ಜಂತೆಯಲ್ವನೋ?"

"ಹೌದು."

"ಜಂತೆಗೆ ತೂತು ಹೊಡೀತಾರಾ ಯಾರಾದ್ರೂ? ಮನೆ ಕೂತ್ಕೊಳ್ಳಲ್ವ?"

ಸರಿಯಾದ ಪ್ರಶ್ನೆ. ಹೊರಗಿಂದ ಒಂದು ಹಸಿ ಕಡ್ಡಿ ತಂದು ಬಗ್ಗಿಸಿ ತೋರಿಸಿದೆ. ಭಾರ ಬಿದ್ದಾಗ ಜಂತೆ ಕಣ್ಣಿಗೆ ಕಾಣದಷ್ಟು ಬಗ್ಗುತ್ತೆ, ಮೇಲಿನ ಅಂಚು ಒತ್ತಿಕೊಳ್ಳುತ್ತೆ, ಕೆಳಗಿನ ಅಂಚು ಹಿಗ್ಗುತ್ತೆ, ನಡುವಿನ ಭಾಗಕ್ಕೆ ಆ ಎಳೆದಾಟ ಇಲ್ಲ. ಅದಕ್ಕೇ ತೂತು ಯಾವಾಗಲೂ ನಡುವಿಗೆ. ಇಲ್ಲಿಯ ಕಟ್ಟಡದ ಕೋಡಿನಲ್ಲಿ ತೂತು ಜಂತೆಯ ಎತ್ತರದ ಮೂರನೇ ಒಂದು ಭಾಗ ದಾಟಬಾರದು, ಮೇಲಿನ ಕೆಳಗಿನ ಅಂಚುಗಳಿಂದ 2 ಇಂಚಾದರೂ ದೂರ ಇರಬೇಕು, ಎರಡು ತೂತುಗಳ ನಡುವೆಯೂ ಅಷ್ಟೇ. ನಮ್ಮ ಜಂತೆಗೆ 3 ಇಂಚಿನ ತನಕ ಸರಿ, ನಾನು ಹೊಡೀತಿರೋದು ಮುಕ್ಕಾಲು. ತೂತಿಗಿಂತ ಅಂಚಿನಲ್ಲಿ ಕಚ್ಚು ಹಾಕೋದೇ ಅಪಾಯ. ಅಮ್ಮ ಕಡ್ಡಿ ತಗೊಂಡು ತಾನೂ ಎರಡು ಸಲ ಬಗ್ಗಿಸಿ ನೋಡಿದಳು. ತೀರ್ಥಹಳ್ಳಿಯ ಮನೆ ಕಟ್ಟುವಾಗ ಆಚಾರ್ರು ಕೂತಲ್ಲೇ ಹಗ್ಗ ಸುತ್ತಿ ಬೈರಿಗೆ ಎಳೀತಿದ್ದದ್ದು, ಗೂಟದ ತೂತಿಗೆ ಒಂದೊಂದಕ್ಕೆ ಎಷ್ಟು ಹೊತ್ತು ಬೇಕಾಗ್ತಿತ್ತು ಅನ್ನೋದು, ಮತ್ತಿ ಮರ ಆದರೆ ಅವರು ಬಾಯಿಬಿಟ್ಟು ಬೈಕೊಳ್ತಿದ್ದದ್ದು, ಎಲ್ಲ ಹೇಳಿದಳು. ಅವಳಾಗ ಹತ್ತು ವರ್ಷದವಳಂತೆ. ಬೈರಿಗೆ ಅನ್ನೋ ಪದ ಕೇಳಿ ನನಗೆ ಇಪ್ಪತ್ತು ವರ್ಷ ಆಗಿತ್ತು.

ಐದನೇ ಜಂತೆಯಲ್ಲಿ ಮೊಳೆಯಿಂದ 2 ಇಂಚಿಗೂ ಹೆಚ್ಚು ಪಕ್ಕಕ್ಕೆ ಗುರುತು ಹಾಕಿದೆ, ಆಚೆ ಈಚೆ ಅಯಸ್ಕಾಂತ ಆಡಿಸಿ ನೋಡಿ. ಎರಡೂ ಕೈ ಡ್ರಿಲ್ಲಿಗೆ, ಏಣಿಗೆ ಬೆನ್ನು. ಆಟಿಕೆ ನಿಧಾನಕ್ಕೆ ಕೊರೆಯಿತು. ದೈತ್ಯ ಹತ್ತು ಸೆಕೆಂಡಿನಲ್ಲಿ ಮುಗಿಸಿದ್ದಕ್ಕೆ ಇದು ಒಂದು ನಿಮಿಷ ತಗೊಂಡಿತು, ನಡುವೆ ಎರಡು ಸಲ ಬ್ಯಾಟರಿ ಬದಲಾಯಿಸಿದೆ. ಅಮ್ಮ ಟಾರ್ಚನ್ನು ತೂತಿನ ಕಡೆ ಹಿಡಿಯದೆ ನನ್ನ ಕೈ ಮೇಲೇ ಹಿಡಿದಿದ್ದಳು. ಹೇಳಿದರೂ ಸರಿಸಲಿಲ್ಲ.

ವೈರು ಎಳೆಯೋದು ಅವಳದ್ದೇ ಕೆಲಸವಾಯಿತು. ನಾನು ಒಂದು ತುದಿಯಲ್ಲಿ ನೂಕಿ, ಅಲ್ಲಿ ಹೋಗಿ ಎಳೆದು, ಮತ್ತೆ ಬಂದು ನೂಕಿ ಒದ್ದಾಡೋದನ್ನು ನೋಡಿ, "ಲಂಗಕ್ಕೆ ಲಾಡಿ ಪೋಣಿಸೋದು ಹಿಂಗಾ?" ಅಂದಳು. ತುದಿಗೆ ಗಟ್ಟಿ ಕಡ್ಡಿ ಕಟ್ಟಿಸಿದಳು, ನಾನು ಒಂದೊಂದು ತೂತಿಗೆ ಕೊಟ್ಟ ಹಾಗೆ ಅವಳು ಕುರ್ಚಿಯಲ್ಲಿ ಕೂತೇ ಆ ಕಡೆಯಿಂದ ಒಂದೇ ಸಮ ಎಳೆದಳು. ಹನ್ನೊಂದು ತೂತು ದಾಟೋಕೆ ಐದು ನಿಮಿಷ ಬೇಕಾಗಲಿಲ್ಲ. ಎಲ್ಲೂ ಸಿಪ್ಪೆ ಕಿತ್ತಿರಲಿಲ್ಲ.

ಇನ್‌ಸ್ಪೆಕ್ಟರು ಬಂದು ಟಾರ್ಚ್ ಬಿಟ್ಟು ನೋಡಿ, ಮೊಳೆಯ ಹತ್ತಿರದ ಅರೆಬರೆ ತೂತಿನ ಮುಂದೆ ಸ್ವಲ್ಪ ಹೊತ್ತು ನಿಂತು, ನನ್ನ ಮಣಿಕಟ್ಟಿನ ಕಡೆ ಒಂದು ಸಲ ನೋಡಿ ಸಹಿ ಹಾಕಿದರು.

ಮುಗೀತು ಅಂದುಕೊಂಡಿರಾ? ಮೊದಲ ರಾತ್ರಿ ಎಚ್ಚರವಾಗಿ ಮಲಗಿದ್ದೆ. ಎರಡು ಗಂಟೆಗೆ ಅಮ್ಮನ ಬಾಗಿಲು ತೆರೆದ ಸದ್ದು. ಹೆಜ್ಜೆ ಸದ್ದು. ಲೈಟಿಲ್ಲ. ಕತ್ತಲಲ್ಲೇ ಗೋಡೆ ಹಿಡಿದು ಹೋಗಿ ಬಂದಳು. ಬೆಳಿಗ್ಗೆ ಕೇಳಿದರೆ, "ಸ್ವಿಚ್ಚು ಟಕ್ ಅಂತ ಸದ್ದು ಮಾಡ್ತದೆ. ಪಾಪು ಏಳ್ತದೆ, ನಿಮಗೆ ಬೆಳಿಗ್ಗೆ ಆಫೀಸು" ಅಂದಳು. ನನ್ನ ಹೆಂಡತಿ ಕಾಫಿ ಲೋಟದ ಹಿಂದೆ ಮುಖ ಮುಚ್ಚಿಕೊಂಡು ಭುಜ ಕುಲುಕಿಸ್ತಿದ್ದಳು.

ಅವತ್ತು ಸಂಜೆ ಆ ಹೊಸ ಸ್ವಿಚ್ಚು ತೆಗೆದು, ಅದೇ ವೈರಿಗೆ, ಜನ ಓಡಾಡಿದರೆ ತಾನೇ ಹತ್ತುವ ಸೆನ್ಸರ್ ಸ್ವಿಚ್ಚು ಹಾಕಿದೆ. ಆ ಕೆಲಸಕ್ಕೆ ಡ್ರಿಲ್ ಬೇಕಾಗಲಿಲ್ಲ, ಸ್ಕ್ರೂಡ್ರೈವರ್ ಸಾಕಾಯಿತು. ಮರುದಿನ ಅಮ್ಮ, "ನಿಮ್ಮನೆ ಲೈಟು ನನ್ನ ಕಂಡ್ರೆ ಎದ್ದು ನಿಲ್ತದೆ" ಅಂತ ಅಕ್ಕನಿಗೆ ಫೋನಿನಲ್ಲಿ ಹೇಳ್ತಿದ್ದಳು. ಆ ವಾರದಲ್ಲಿ ಯಾವಾಗಲೋ ರಾತ್ರಿ ಊಟಕ್ಕೆ ಅವಳ ನೀರಿನ ಲೋಟ ಖಾಲಿಯಾಗಿತ್ತು. ನಾವು ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ಆರು ತಿಂಗಳು ಪೂರ್ತಿ ಇದ್ದು ಹೋದಳು.

ಮೊನ್ನೆ ತೀರ್ಥಹಳ್ಳಿಯಿಂದ ಫೋನ್ ಮಾಡಿದ್ದಳು. ಅಟ್ಟಕ್ಕೆ ಹತ್ತೋ ಮೆಟ್ಟಿಲ ಹತ್ತಿರ ಕತ್ತಲಂತೆ. "ಬರುವಾಗ ಆ ಕತ್ತು ಬಗ್ಗಿದ ಡ್ರಿಲ್ಲು ತಗೊಂಡು ಬಾ. ದೊಡ್ಡದು ಬೇಡ" ಅಂದಳು. ಬ್ಯಾಟರಿಯನ್ನು ಕೈಚೀಲದಲ್ಲಿ ಇಟ್ಟುಕೊಂಡು ಬರಬೇಕು. ಚಾರ್ಜರು 120 ವೋಲ್ಟಿನದ್ದು, ಅಲ್ಲಿ 230. ಅದಕ್ಕೊಂದು ದಾರಿ ನೋಡ್ತಾ ಇದ್ದೀನಿ. ಜಂತೆಗಳ ನಡುವೆ ಎಷ್ಟು ಜಾಗ ಇದೆ ಅಂತ ಅಳೆದು ಹೇಳೋಕೆ ಹೇಳಿದ್ದೇನೆ, ಅಮ್ಮನ ಹತ್ತಿರ ಹೊಲಿಗೆಯ ಟೇಪ್ ಇದೆ. ಏಣಿ ಹತ್ತಬೇಡ, ಬೇರೆ ಯಾರನ್ನಾದರೂ ಹತ್ತಿಸು ಅಂತ ಮೂರು ಸಲ ಹೇಳಿದ್ದೇನೆ.